ಮಂಗಳವಾರದ ಅಭಿಮಾನಿ

ಸಂಪಾದಕರು ಏಳು ಕಾಗದಗಳನ್ನು ಇಸ್ಪೀಟು ಎಲೆಗಳಂತೆ ಮೇಜಿನ ಮೇಲೆ ಹರಡಿದರು.

"ಒಪ್ಕೊಂಡುಬಿಡಿ. ಇವನ್ನೆಲ್ಲ ಬರೆದಿದ್ದು ನೀವೇ."

ಕಥೆಗಾರ ಬೆವೆತ. ಬೆಳಿಗ್ಗೆಯಷ್ಟೇ ಇಸ್ತ್ರಿ ಅಂಗಡಿಯಿಂದ ತಂದು ಹಾಕಿಕೊಂಡ ಅಂಗಿ. ಮಂಗಳವಾರ ಬಂತೆಂದರೆ ಅಂಗಡಿಯ ಅಕ್ಕನಿಗೆ ಕುತ್ತಿಗೆ ಹಿಡಿಯುತ್ತಿತ್ತು. ಇವತ್ತೂ ತಲೆ ಓರೆ ಮಾಡಿಕೊಂಡೇ, "ಕಾಲರ್ ಗರಿಗರಿ ಮಾಡಿದೀನಿ, ನೀನು ಮೆತ್ತಗಾಗ್ಬೇಡ ತಮ್ಮಾ" ಎಂದಿದ್ದಳು. ಈಗ ಕಾಲರೂ ಮೆತ್ತಗಾಗಿತ್ತು.

"ನಾನಲ್ಲ ಸಾರ್."

"ನಮ್ಮ ಚಿತ್ರಕಥೆ ಪುಸ್ತಕಗಳು ಅಂಗಡಿಗೆ ಹೋಗೋದು ಶುಕ್ರವಾರ. ಈ ಕಾಗದ ನಮ್ಮ ಡಬ್ಬಿಗೆ ಬೀಳೋದು ಮಂಗಳವಾರ. ಅಷ್ಟರೊಳಗೆ ಸಿಡಿಲಕ್ಕನ ಕಥೆ ಗೊತ್ತಿರೋರು ಮೂರೇ ಜನ. ಚಿತ್ರಗಾರನ ಅಕ್ಷರ ಅವನಿಗೇ ಓದೋಕೆ ಬರಲ್ಲ. ನಿಮ್ಮನ್ನ ಹೊಗಳೋ ಅಭ್ಯಾಸ ನನಗಿಲ್ಲ. ಇನ್ನು ಉಳಿದೋರು ಯಾರು?"

ಅವರು ಕನ್ನಡಕ ಏರಿಸಿ ಒಂದನ್ನು ಓದಿದರು.

'ಈ ವಾರದ ಗಾಳಿಮಾವ ಸಪ್ಪೆ. ಹೇಗೆ ತಿರುಗಿಸಿ ನೋಡಿದರೂ ಗಾಳಿಯೇ. ಕನ್ನಡಿ ಮನುಷ್ಯನಿಗೆ ನೂರಕ್ಕೆ ಮೂವತ್ತೈದು, ಅದೂ ಮೀಸೆಗೆ. ಆದರೆ ಸಿಡಿಲಕ್ಕ! ತುಕ್ಕುರಾಯನನ್ನು ಮೊದಲು ಸೋಲಿಸಿ, ಆಮೇಲೆ ಅವನು ಯಾರೆಂದು ಪರಿಚಯ ಮಾಡಿಸಿದಿರಿ. ಇಂಥ ಧೈರ್ಯ ಯಾರಿಗಿದೆ? ಬೀಗ ಹಾಕಿದ ತಿಜೋರಿಯಿಂದ ಅವಳು ಹೊರಬಂದದ್ದು ಹೇಗೆಂದು ನೀವು ಹೇಳಲೇ ಇಲ್ಲ. ಹೇಳದೆ ಬಿಟ್ಟದ್ದೇ ನಿಮ್ಮ ದೊಡ್ಡತನ.'

"ಹೇಳಿದ್ದೀನಿ ಸಾರ್. ಆರನೇ ಪುಟದಲ್ಲಿ."

"ಬೇಕಂತಲೇ ತಪ್ಪು ಬರೆದಿದ್ದೀರಿ, ಅನುಮಾನ ಬರದ ಹಾಗೆ. ಶುಕ್ರವಾರದೊಳಗೆ ಈ ಅಭಿಮಾನಿಯನ್ನ ಇಲ್ಲಿ ತಂದು ಕೂರಿಸಿ. ಇಲ್ಲದಿದ್ರೆ ಸಿಡಿಲಕ್ಕ ಮುಗಿದಳು. ಜೊತೆಗೆ ನೀವೂ."

ಕಥೆಗಾರ ಆ ಕಾಗದವನ್ನು ಜೇಬಿಗಿಟ್ಟುಕೊಂಡು ಹೊರಬಿದ್ದ. ಒಂಬತ್ತು ವರ್ಷ ಸಾಕಿದ ಸಿಡಿಲಕ್ಕ. ನಿದ್ದೆಗಣ್ಣಲ್ಲಿ ತಾನೇ ಬರೆದಿರಬಹುದೇ ಎಂದೂ ಅನಿಸಿತು. ಮನೆಯಲ್ಲಿ ಹೆಂಡತಿ ಕಾಗದ ಓದಿ ತಲೆಯಲ್ಲಾಡಿಸಿದಳು.

"ನಿಮ್ಮ ಬಗ್ಗೆ ನೀವೇ ಇಷ್ಟು ಒಳ್ಳೇದು ಬರ್ಕೊಳೋ ಪೈಕಿ ಅಲ್ಲ ಬಿಡಿ."

ಸಮಾಧಾನವೋ ಅವಮಾನವೋ ತಿಳಿಯಲಿಲ್ಲ. ಅವಳೇ ಕಾಗದವನ್ನು ಬೆಳಕಿಗೆ ಹಿಡಿದಳು. ಮೂಲೆಯಲ್ಲೊಂದು ಕಂದು ಕಲೆ. ಚಹಾದ್ದಲ್ಲ; ದೋಣಿಯ ಮೂತಿಯಂತೆ ಚೂಪಾಗಿತ್ತು. "ಸುಟ್ಟಿದೆ ರೀ," ಎಂದಳು.

ಗುರುವಾರ ಅವನು ಇನ್ನೊಂದು ಅಂಗಿ ತರಲು ಹೋದ. ಕೆಲಸ ಕಳೆದುಕೊಳ್ಳುವ ದಿನವಾದರೂ ಸುಕ್ಕಿಲ್ಲದೆ ಹೋಗಬೇಕಲ್ಲ. ಅಕ್ಕ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ನೂಕುತ್ತಿದ್ದಳು. ಮೇಜಿಗೆ ಹಾಸಿದ ಕಂಬಳಿಯ ತುಂಬ ಕಂದು ಕಲೆಗಳು. ಎಲ್ಲವೂ ದೋಣಿಯ ಮೂತಿಗಳೇ.

ಅವನು ಜೇಬಿನಿಂದ ಕಾಗದ ತೆಗೆದು ಕಂಬಳಿಯ ಪಕ್ಕದಲ್ಲಿಟ್ಟ.

"ನನ್ನ ಕಾಗದ ನಿನ್ನ ಕೈಗೆ ಹೇಗೆ ಬಂತು?" ಎಂದಳು ಅಕ್ಕ.

ಅವನಿಗೆ ಅವಳನ್ನು ಎತ್ತಿಕೊಂಡು ಕುಣಿಯಬೇಕೆನಿಸಿತು. ಅವಳ ತೂಕ ನೋಡಿ ತಾನೊಬ್ಬನೇ ಕುಣಿದ. ತಾನು ಯಾರೆಂದು ಹೇಳಲು ಮಾತ್ರ ನಾಚಿಕೆಯಾಯಿತು. ಇಷ್ಟು ವರ್ಷ ಅವಳು ಅವನನ್ನು ಯಾವುದೋ ಆಫೀಸಿನ ಗುಮಾಸ್ತನೆಂದೇ ತಿಳಿದಿದ್ದಳು.

"ಅಲ್ಲೇ ಕೆಲಸ ಮಾಡ್ತೀನಿ ಅಕ್ಕಾ. ನಮ್ಮ ಸಾಹೇಬರು ನಿಮ್ಮನ್ನ ನೋಡ್ಬೇಕಂತೆ. ಅಂದಹಾಗೆ, ಪುಸ್ತಕ ನಿಮಗೆ ಎಲ್ಲಿಂದ ಸಿಗುತ್ತೆ?"

"ಎಲ್ಲಿಂದ ಅಂದ್ರೆ? ನಮ್ಮ ಮೈದುನ ಪ್ರೆಸ್ಸಲ್ಲಿದಾನಲ್ಲ. ಪ್ರತಿ ಸೋಮವಾರ ತಂದ್ಕೊಡ್ತಾನೆ."

ಕುಣಿತ ನಿಂತಿತು. ಪ್ರೆಸ್ಸಿನಿಂದ ಕದ್ದ ಮಾಲು. ಇವಳನ್ನು ಕರೆದೊಯ್ದರೆ ತಾನು ಉಳಿದು ಮೈದುನ ಮುಳುಗುತ್ತಾನೆ. ಕರೆದೊಯ್ಯದಿದ್ದರೆ ಸಿಡಿಲಕ್ಕ.

"ಬೇಡ ಅಕ್ಕಾ, ಬರಬೇಡಿ," ಎಂದ ಕೊನೆಗೆ.

"ಯಾಕೆ ಬೇಡ? ಗಾಳಿಮಾವನ ಬಗ್ಗೆ ಮುಖಾಮುಖಿ ಹೇಳೋದಿದೆ," ಎಂದು ಅವಳು ಅಂಗಡಿಯ ಬಾಗಿಲೆಳೆದೇಬಿಟ್ಟಳು.

ಸಂಪಾದಕರ ಮುಂದೆ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಗಾಳಿಮಾವನಿಗೆ ಹತ್ತು ನಿಮಿಷ ಬೈದಳು. ಸಿಡಿಲಕ್ಕನ ಬಗ್ಗೆ ಮಾತೆತ್ತಿದಾಗ ಕಣ್ಣು ಹೊಳೆದವು. ಕಥೆಗಾರ ಮೂಲೆಯಲ್ಲಿ ಕಿವಿಯವರೆಗೂ ಕೆಂಪಾಗಿ ನಿಂತಿದ್ದ.

"ಅದೆಲ್ಲ ಸರಿಯಮ್ಮಾ," ಎಂದರು ಸಂಪಾದಕರು ಮೆಲ್ಲಗೆ. "ಶುಕ್ರವಾರದ ಪುಸ್ತಕ ಮಂಗಳವಾರಕ್ಕೆ ಮೊದಲೇ ನಿಮ್ಮ ಕೈಗೆ ಹೇಗೆ ಬಂತು?"

"ಬಟ್ಟೆ ಕಟ್ಟೋಕೆ ಅಂತ ಸೋಮವಾರ ಪ್ರೆಸ್ಸಿನೋರೇ ನಮ್ಮ ಮೈದುನನ ಕೈಲಿ ಕೊಡ್ತಾರೆ ಸಾರ್. ಬೇರೆಯವನ್ನೆಲ್ಲ ಕಟ್ತೀನಿ. ಇದನ್ನ ಮಾತ್ರ ಕಟ್ಟಲ್ಲ, ಗೋಡೆಗೆ ಅಂಟಿಸಿ ಓದ್ತೀನಿ."

ಗೋಡೆಯಿಂದ ಕಿತ್ತು ಮಡಿಸಿ ತಂದಿದ್ದ ಈ ವಾರದ ಹಾಳೆಯನ್ನು ಅವಳು ಚೀಲದಿಂದ ತೆಗೆದು ಬಿಡಿಸಿದಳು. ಅದು ಬಿಡಿಸಿಕೊಳ್ಳುತ್ತ ಮೇಜನ್ನೆಲ್ಲ ಮುಚ್ಚಿತು.

ಮಸಿ ಸರಿಯಾಗಿದೆಯೇ ಎಂದು ನೋಡಲು ಪ್ರೆಸ್ಸಿನವರು ಮೊದಲು ಹೊಡೆದು ಎಸೆಯುವ ರದ್ದಿ ಹಾಳೆ. ಒಂದೇ ಮಗ್ಗುಲಿಗೆ ಅಚ್ಚಾದದ್ದು. ಹದಿನಾರು ಪುಟಗಳಲ್ಲಿ ಎಂಟು ಮಾತ್ರ; ಆರನೆಯದು ಅದರಲ್ಲಿರಲಿಲ್ಲ. ಮಡಿಸಿ ಕತ್ತರಿಸಿದ ಮೇಲಷ್ಟೇ ಪುಟಗಳು ಸಾಲಿಗೆ ಬರುವುದರಿಂದ, ಇಲ್ಲಿ ಕೊನೆಯ ಪುಟದ ಪಕ್ಕದಲ್ಲೇ ಮೊದಲನೆಯದು. ಕೆಳಗಿನ ನಾಲ್ಕು ನೆಟ್ಟಗೆ. ಮೇಲಿನ ನಾಲ್ಕರಲ್ಲಿ ಸಿಡಿಲಕ್ಕ, ತುಕ್ಕುರಾಯ, ಆಕಾಶ, ಎಲ್ಲವೂ ಕಾಲು ಮೇಲೆ. ಅಕ್ಕ ಅಭ್ಯಾಸಬಲದಿಂದ ಕುತ್ತಿಗೆ ತಿರುಚಿ ಅವನ್ನು ಓದತೊಡಗಿದಳು.

ಸಂಪಾದಕರು ಕುರ್ಚಿಯಲ್ಲಿ ಅಲುಗತೊಡಗಿದರು. ಮೊದಲು ಹೊಟ್ಟೆ, ಆಮೇಲೆ ಭುಜ, ಆಮೇಲೆ ನಗು ಹೊರಬಿತ್ತು. ಕಣ್ಣೊರೆಸಿಕೊಂಡು ಕಥೆಗಾರನತ್ತ ಕೈಮುಗಿದರು. "ತಪ್ಪಾಯ್ತು ಮಾರಾಯರೇ. ಸಿಡಿಲಕ್ಕ ಇನ್ನೊಂದು ವರ್ಷ ಬದುಕಲಿ."

ಆಮೇಲೆ ಕಪಾಟಿನಿಂದ, ಮಡಿಸಿ, ಹೊಲಿದು, ಅಂಚು ಕತ್ತರಿಸಿದ ಹೊಚ್ಚಹೊಸ ಪುಸ್ತಕವೊಂದನ್ನು ತೆಗೆದು ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಅಕ್ಕ ಜೀವನದಲ್ಲಿ ಮೊದಲ ಸಲ ಕುತ್ತಿಗೆ ನೆಟ್ಟಗಿಟ್ಟುಕೊಂಡು ಸಿಡಿಲಕ್ಕನನ್ನು ಓದಿದಳು, ಒಂದರಿಂದ ಹದಿನಾರರವರೆಗೆ, ತಿಜೋರಿಯ ಪುಟವೂ ಸೇರಿ. ಅವಳು ಪುಸ್ತಕ ಮುಚ್ಚಿ, ಬೆರಳ ತುದಿಯಿಂದ ದೂರ ತಳ್ಳಿದಳು.

"ಕಳ್ಳ ಮಾಲು ಸಾರ್ ಇದು. ಯಾರೋ ಅಸಲಿ ಕಥೆ ಕದ್ದು, ಎಲ್ಲಾನೂ ನೇರ ಮಾಡಿ ಹಾಳುಮಾಡಿದಾರೆ; ಪಾಪ, ಬರೆದವರಿಗೆ ಮಾತ್ರ ಹೇಳ್ಬೇಡಿ."