ಕಂಬಳಿಯ ಅಂಚಿನ ಮುಖ

“ಕಿವಿ ಇನ್ನೂ ಸರಿಯಾಗಿಲ್ಲಪ್ಪ. ತುದಿ ಒಳಕ್ಕೆ ಮಡಚಿರ್ಬೇಕು,” ಎಂದು ಕಂಬಳಿಯಮ್ಮ ಹಾಳೆಯನ್ನು ಹಿಂದಕ್ಕೆ ತಳ್ಳಿದರು.

ಡಿಸೈನರ್ ಹಲ್ಲು ಕಚ್ಚಿಕೊಂಡ. ಲೋಗೊ ಎಂದರೆ ಬೇಡದ್ದನ್ನೆಲ್ಲ ತೆಗೆದ ಮೇಲೆ ಉಳಿಯುವುದು, ಅವನು ಕಲಿತದ್ದೇ ಅದು. ಇಲ್ಲಿ ಅವನು ಒಂದು ಗೆರೆ ತೆಗೆದರೆ ಈಕೆ ಎರಡು ಸೇರಿಸುತ್ತಿದ್ದರು.

ಅವರದು ಪುಟ್ಟ ಸಂಸ್ಥೆ. ಅಧ್ಯಕ್ಷೆ, ಕಾರ್ಯದರ್ಶಿ, ಮೂಟೆ ಹೊರುವ ಆಳು ಎಲ್ಲವೂ ಹೆಚ್ಚುಕಡಿಮೆ ಅವರೇ. ಬಸ್ಸು, ರೈಲು ನಿಲ್ದಾಣಗಳಲ್ಲಿ ಮಲಗುವವರಿಗೆ ಚಳಿಗಾಲದಲ್ಲಿ ಕಂಬಳಿ ಹಂಚುವುದು ಕೆಲಸ. ಇಷ್ಟು ವರ್ಷ ಬರೀ ಕಂಬಳಿ ಕೊಟ್ಟವರು ಈ ವರ್ಷ ಇದ್ದಕ್ಕಿದ್ದಂತೆ ಲೋಗೊ ಬೇಕೆಂದು ಹಟ ಹಿಡಿದಿದ್ದರು. ಕೈ, ದೀಪ, ಸೂರು, ಏನು ತೋರಿಸಿದರೂ ಬೇಡ. ಪುಟ್ಟ ಹುಡುಗನ ಮುಖವೇ ಆಗಬೇಕು. ಎಡ ಹುಬ್ಬು ನಡುವೆ ಸೀಳಿರಬೇಕು, ಎಡಗಿವಿಯ ತುದಿ ಮಡಚಿರಬೇಕು. ಅದೂ ಕಂಬಳಿಯ ತಲೆಕಡೆಯ ಅಂಚಿನಲ್ಲಿ ಅಂಗೈಯಗಲ ಅಚ್ಚಾಗಬೇಕು.

“ಮೂಲೇಲಿ ಚಿಕ್ಕದಾಗಿ ಹಾಕಿದ್ರೆ ಲಕ್ಷಣವಾಗಿರುತ್ತಮ್ಮ.”

“ಹೊದ್ದುಕೊಂಡವನ ಕಣ್ಣಿಗೆ ಬೀಳ್ಬೇಕು.”

“ಹೋಗ್ಲಿ, ಈ ಹುಬ್ಬು ಕೂಡಿಸಿಬಿಡ್ತೀನಿ. ಅಚ್ಚು ಕೆಟ್ಟಹಾಗೆ ಕಾಣುತ್ತೆ.”

“ಬೇರೆ ಏನು ಬೇಕಾದ್ರೂ ತೆಗಿ. ಅದನ್ನ ಮಾತ್ರ ಮುಟ್ಬೇಡಪ್ಪ, ಕೈ ಮುಗೀತೀನಿ.”

ನಿಜಕ್ಕೂ ಕೈ ಮುಗಿದರು. ಒಂದು ಗೆರೆಗೆ ಕಣ್ಣೀರು ತಂದುಕೊಳ್ಳುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

ಬೇರೆಯವರಾಗಿದ್ದರೆ ದೊಡ್ಡ ನಮಸ್ಕಾರ ಹೇಳಿ ಎದ್ದುಬಿಡುತ್ತಿದ್ದರು. ಅವನಿಗೆ ಆ ಭಾಗ್ಯವೂ ಇರಲಿಲ್ಲ. ಹಿಂದೆ ಒಂದು ಲಾಂಡ್ರಿಗೆ ಅವನು ಬರೆದುಕೊಟ್ಟ ಹಂಸ ಊರಿಗೆಲ್ಲ ಚಪ್ಪಲಿಯಾಗಿ ಕಂಡಿತ್ತು. ಜನ ಹರಿದ ಚಪ್ಪಲಿ ಹಿಡಿದು ಲಾಂಡ್ರಿಯ ಮುಂದೆ ನಿಂತಿದ್ದರು. ಅಂದಿನಿಂದ ಅವನ ಬಾಗಿಲಿಗೆ ಒಂದು ನೊಣವೂ ಸುಳಿದಿರಲಿಲ್ಲ. ಬಿಟ್ಟಿ ಕೆಲಸವನ್ನು ಒಪ್ಪಿಕೊಂಡದ್ದೇ ಅದಕ್ಕೆ. ಬೀದಿಬೀದಿಯಲ್ಲಿ ಕಾಣುವ ಲೋಗೊ. ನಾಲ್ಕು ಜನ ಮೆಚ್ಚಿದರೆ ಮತ್ತೆ ತಲೆಯೆತ್ತಬಹುದು. ಇದೂ ನಗೆಪಾಟಲಾದರೆ ಮಾವನ ಬಕೆಟ್ ಅಂಗಡಿಯೇ ಗತಿ. “ಅಪ್ಪ ನಿಮಗೆ ಅಂತ ಸ್ಟೂಲು ಒರೆಸಿಟ್ಟಿದ್ದಾರೆ,” ಎಂದು ಹೆಂಡತಿ ಹೇಳಿಯೂ ಆಗಿತ್ತು. ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೊಂದು ದಿನ ಕಂಬಳಿಯಮ್ಮ ಹಾಳೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಹುಬ್ಬಿನ ಮೇಲೆ ಬೆರಳಾಡಿಸಿದರು. “ಹೂಂ, ಇದೇ. ಇನ್ನು ಒಂದು ಕೂದಲೂ ಬದಲಾಯಿಸ್ಬೇಡ,” ಎಂದರು.

ಬಟ್ಟೆಯ ಮೇಲೆ ಅಚ್ಚು ಹಾಕುವ ಅಂಗಡಿಯ ತರುಣನನ್ನು ಎಲ್ಲರೂ ‘ಟೋಪಿ’ ಎಂದೇ ಕರೆಯುತ್ತಿದ್ದರು. ಜನರಿಗೆ ಟೋಪಿ ಹಾಕಿದವನಲ್ಲ ಪಾಪ, ಅರ್ಧ ತಲೆ ನುಂಗುವಂಥದ್ದೊಂದನ್ನು ಸದಾ ತಾನೇ ಹಾಕಿಕೊಂಡವನು. ಕೆಲಸದಲ್ಲಿ ಅಚ್ಚುಕಟ್ಟು. ಅವನು ಮುಖದ ನಕಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಜಾರಿ ಬಣ್ಣದ ಡಬ್ಬಿಗೆ ಬಿತ್ತು. ಅದು ಅವನ ಕಿವಿಯ ಮೇಲೆ ಒಂದು ದಿನವೂ ನೆಟ್ಟಗೆ ನಿಂತದ್ದಿಲ್ಲ.

“ಸಾರ್, ಈ ಹುಬ್ಬಿನ ಸೀಳು ಅಳಿಸ್ಬಿಡಿ.”

“ಆಯಮ್ಮ ನನ್ನ ಜೀವ ತೆಗೀತಾರೆ.”

“ನೋಡಿದೋರು ನಗ್ತಾರೆ ಸಾರ್. ನಂಗೆ ಗೊತ್ತು.” ಟೋಪಿ ಎತ್ತಿ ಹಣೆಯ ಬೆವರು ಒರೆಸಿಕೊಂಡು, ತಕ್ಷಣ ಕೆಳಕ್ಕೆಳೆದುಕೊಂಡ.

ನಗುತ್ತಾರೆ. ಅಷ್ಟೇ ಸಾಕಾಯಿತು. ಹಂಸ ಕಣ್ಣಮುಂದೆ ಬಂತು, ಅದರ ಹಿಂದೆ ಮಾವನ ಸ್ಟೂಲು. ಡಿಸೈನರ್ ಅಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಹುಬ್ಬು ಕೂಡಿಸಿದ. ಆಮೇಲೆ ಕಿವಿಯೊಂದೇ ವಿಕಾರವಾಗಿ ಕಂಡಿತು. ಅದನ್ನೂ ನೆಟ್ಟಗೆ ಮಾಡಿದ. ಮಂಜುಗಣ್ಣಿನ ಮುದುಕಿಗೆ ಇಷ್ಟು ಸೂಕ್ಷ್ಮ ಎಲ್ಲಿ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಕಂಬಳಿಯಮ್ಮ ಜ್ವರ ಬಂದು ಮಲಗಿದ್ದರು. ಮೂಟೆಗಳು ಅಂಗಡಿಯಿಂದ ನೇರ ನಿಲ್ದಾಣಗಳಿಗೆ ಹೋದವು. ‘ಎಂಥ ಮುದ್ದು ಮುಖ’ ಎಂದು ಜನ ಆಡಿಕೊಂಡರು. ಬಿಸ್ಕತ್ತು ಕಂಪನಿಯೊಂದು ಕೆಲಸ ಕೊಡುತ್ತೇನೆಂದು ಫೋನ್ ಮಾಡಿತು. ಮಾವನ ಸ್ಟೂಲಿಗೆ ಮತ್ತೆ ಧೂಳು ಕೂತಿತು.

ಜ್ವರ ಬಿಟ್ಟ ದಿನ ಕಂಬಳಿಯಮ್ಮ ಬಂದರು. ಕಂಕುಳಲ್ಲಿದ್ದ ಕಂಬಳಿಯನ್ನು ಅವನ ಮೇಜಿನ ಮೇಲೆ ಹರಡಿದರು.

“ಇವನು ಯಾರಪ್ಪ?”

“ನಿಮ್ಮ ಲೋಗೊನೇ ಅಮ್ಮ. ಒಂಚೂರು ತಿದ್ದಿದೀನಿ.”

ಅವರು ದನಿ ಏರಿಸಲಿಲ್ಲ. “ನನ್ನ ಮಗ ಸ್ಕೂಲಿಗೆ ಸೇರಿಸೋ ವಯಸ್ಸಲ್ಲಿ ರೈಲ್ವೆ ಸ್ಟೇಷನ್ನಲ್ಲಿ ಕಳೆದುಹೋದ. ಒಂದು ಫೋಟೊನೂ ತೆಗೆಸಿರ್ಲಿಲ್ಲ. ಕಂಬಳಿ ಕೊಡೋ ನೆಪದಲ್ಲಿ ಇಷ್ಟು ವರ್ಷ ಮಲಗಿದವ್ರ ಮುಖ ನೋಡ್ಕೊಂಡು ಬಂದೆ. ಈಗ ಕಣ್ಣು ಹೋಗ್ತಾ ಇದೆ. ನಾನು ನೋಡೋಕಾಗದಿದ್ರೆ ಅವನಾದ್ರೂ ನೋಡ್ಲಿ, ಅವನನ್ನ ಕಂಡವ್ರಾದ್ರೂ ನೋಡ್ಲಿ ಅಂತ ಬರೆಸ್ದೆ. ಬೆಳೀತಾ ಮುಖ ಬದಲಾಗುತ್ತೆ. ಹುಬ್ಬಿನ ಗಾಯ, ಕಿವಿ ಬದಲಾಗಲ್ಲ.”

“ಮೊದಲೇ ಹೇಳಬಾರ್ದಿತ್ತಾ ಅಮ್ಮ?”

“ಹೇಳಿದ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ. ಆಮೇಲೆ, ಇನ್ನೂ ಎಷ್ಟು ದಿನ ಹುಡುಕ್ತೀಯ, ಬಿಡಮ್ಮ ಅಂತಾರೆ.” ಅವರ ಬೆರಳು ಕೂಡಿಕೊಂಡ ಹುಬ್ಬಿನ ಮೇಲೆ ಸೀಳನ್ನು ತಡಕುತ್ತಲೇ ಇತ್ತು. “ಇನ್ನೊಂದು ಸಲ ಇಷ್ಟು ಕಂಬಳಿ ಕೂಡಿಸೋ ಶಕ್ತಿ ನಂಗಿಲ್ಲ. ಇಲ್ಲೇ ಇತ್ತಲ್ಲಪ್ಪ. ಅಳಿಸು ಅಂತ ಯಾರು ಹೇಳಿದ್ರು ನಿಂಗೆ?”

ಉತ್ತರ ಹೇಳಲು ಅವನು ಬಾಯಿ ತೆರೆದ. ಜಾರಿ ಬಿದ್ದ ಪೆನ್ಸಿಲ್ ನೆನಪಾಯಿತು. ಬೆವರು ಒರೆಸಲು ಎತ್ತಿದ ಟೋಪಿ ನೆನಪಾಯಿತು, ಅದರಡಿಯಲ್ಲಿ ಎರಡು ತುಂಡಾಗಿದ್ದ ಎಡ ಹುಬ್ಬು. ಕಣ್ಣು ಅಂದೇ ಕಂಡಿತ್ತು, ತಲೆಗೆ ಹೋಗಿರಲಿಲ್ಲ.

“ನಿಮ್ಮ ಮಗನೇ ಅಮ್ಮ,” ಎಂದ.