ವಾಲಿದ ಎಲೆಗಳು

ನಾಲ್ವರು ಆಡುವ ಬ್ರಿಜ್ ಎಲೆಯಾಟದ ಮೇಜಿನಲ್ಲಿ ಮೇಷ್ಟ್ರು “ನಾಲ್ಕು ಆಟೀನು” ಎಂದು ಪಣ ಕೂಗಿದರು. ಪಕ್ಕದ ಎದುರಾಳಿ ಸದಾನಂದನಿಗೆ ಪಾಸ್ ಅನ್ನುವುದೋ, ಏರಿಸುವುದೋ ತಿಳಿಯಲಿಲ್ಲ. ಮುದುಕ ಮೇಷ್ಟ್ರ ಕೈ ನಡುಗಿ ಎಲೆಗಳು ಇವನತ್ತ ವಾಲಿದ್ದವು. ತಿಂಗಳಿಂದಲೂ ಹಾಗೆಯೇ. ನೋಡಬಾರದು ಅಂದುಕೊಳ್ಳುತ್ತಲೇ ನೋಡಿದ. “ನಾಲ್ಕು ಇಸ್ಪೀಟು” ಎಂದು ಮೇಲೆ ಕೂಗಿ ಗೆದ್ದ.

ಜೊತೆಗಾರ ಬೆನ್ನು ತಟ್ಟಿದಾಗ ಚಹಾದ ಲೋಟವನ್ನು ಕುಡಿಯದೆ ಬದಿಗಿಟ್ಟ. ಆಟ ಮುಗಿದ ಮೇಲೆ ಮೇಷ್ಟ್ರನ್ನು ಕ್ಲಬ್ಬಿನ ಮೆಟ್ಟಿಲಿಳಿಸುತ್ತ ಬಾಯಿಬಿಟ್ಟ.

“ತಪ್ಪಾಯ್ತು ಮೇಷ್ಟ್ರೇ. ನಿಮ್ಮ ಎಲೆ ನೋಡ್ಕೊಂಡೇ ಕೂಗ್ತಿದ್ದೆ. ನಾಳೆಯಿಂದ ಬರಲ್ಲ.”

ಮೇಷ್ಟ್ರು ಗಾಬರಿಯಿಂದ ಅವನ ಮಣಿಕಟ್ಟು ಹಿಡಿದರು. ಹಿಡಿದ ಆ ಮುದಿ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

“ಹಾಗನ್ಬೇಡ ಮಾರಾಯ. ದಿನಾ ಸೋತು ಸೋತು ನೀನು ಬಿಟ್ಟುಹೋಗ್ತೀಯ ಅಂತಲೇ ಎಲೆ ವಾಲಿಸಿದ್ದು. ನಾಲ್ಕನೆಯವನನ್ನ ನಾನೆಲ್ಲಿಂದ ತರ್ಲಿ?”