ಎರಡು ಬೆರಳು ಸಡಿಲ

"ಎದೆ ಹತ್ರ ಹೊಲಿಗೆ ಸ್ವಲ್ಪ ಬಿಚ್ಚಿಕೊಡಕ್ಕ. ಹೋದ ತಿಂಗಳು ತೀರಾ ಬಿಗಿಯಾಗಿ ಹೊಲಿದುಬಿಟ್ಟಿದ್ದೀಯ," ಎನ್ನುತ್ತ ಹಾಲಿನವಳು ಖಾಲಿ ಕ್ಯಾನನ್ನು ಬಾಗಿಲಲ್ಲಿಟ್ಟು ಒಳಗೆ ಬಂದಳು. "ದಿಬ್ಬ ಹತ್ತೋವಾಗ ಹಗ್ಗ ಹಾಕಿ ಬಿಗಿದ ಹಾಗಾಗುತ್ತೆ. ನಿಂತರೆ ಸರಿ, ನಡೆದರೆ ಮತ್ತೆ ಅದೇ."

ಟೈಲರಕ್ಕ ಮಿಷನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. ಎದ್ದು ಬಂದು, ಹಾಲಿನವಳು ತೊಟ್ಟಿದ್ದ ಅಂಗಿಯ ಎದೆಯ ಅಂಚಿನೊಳಗೆ ಎರಡು ಬೆರಳು ತೂರಿಸಿದಳು. ಬೆರಳು ಸಲೀಸಾಗಿ ಆಡಿದವು. ಇನ್ನೊಂದು ಬೆರಳಿಗೂ ಜಾಗವಿತ್ತು. ಟೈಲರಕ್ಕನ ಮುಖ ಕಪ್ಪಿಟ್ಟಿತು.

"ಅಂಗಿ ಬಿಗಿ ಇಲ್ಲ ಕಣೇ. ಬಿಗಿ ಇರೋದು ಒಳಗೆ. ನಡಿ, ನರ್ಸಮ್ಮನ ಹತ್ರ ಹೋಗೋಣ."

"ಅಯ್ಯೋ, ಅಷ್ಟಕ್ಕೆಲ್ಲ ನರ್ಸಮ್ಮನಾ? ಬೆಳಗ್ಗೆ ಖಾಲಿ ಹೊಟ್ಟೇಲಿ ಹೊರಡ್ತೀನಲ್ಲ, ಗ್ಯಾಸು."

"ಈ ಊರಲ್ಲಿ ಹೆಂಗಸರಿಗೆ ಬರೋದೆಲ್ಲ ಗ್ಯಾಸು. ಅದೇ ಗಂಡಸರಿಗೆ ಬಂದರೆ ಹಾರ್ಟು, ಆಗ ಗಾಡಿ ಮಾಡ್ಕೊಂಡು ಓಡ್ತೀರಿ."

ಹಾಲಿನವಳು ನಕ್ಕಳು. ಟೈಲರಕ್ಕ ನಗಲಿಲ್ಲ. ಗೋಡೆಯ ಮೊಳೆಯಲ್ಲಿ ನೀಲಿ ಅಂಗಿಯೊಂದು ತೂಗುತ್ತಿತ್ತು. ಅದರ ಎರಡು ಪಕ್ಕೆಗಳಲ್ಲೂ ಹಳೆಯ ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು. "ನನ್ನ ತಂಗೀದು," ಎಂದಳು ಅದರ ಕಡೆ ಕೈ ತೋರಿಸಿ. "ಅವಳೂ ಇಲ್ಲೇ ನಿಂತು ಬಿಗಿ ಅಂದಳು, ಬಿಚ್ಚಿಕೊಟ್ಟೆ. ಇನ್ನೂ ಬಿಗಿ ಅಂದಳು, ಇನ್ನೂ ಬಿಚ್ಚಿಕೊಟ್ಟೆ. ಅಂಗಿ ಸಡಿಲಾಯ್ತು, ತಂಗಿ ಉಳೀಲಿಲ್ಲ. ನಿನ್ನ ಎದೆಗೆ ನಾನು ಒಂದೆಳೆಯನ್ನೂ ಬಿಚ್ಚಲ್ಲ."

ಹಾಲಿನವಳ ನಗು ಅರ್ಧಕ್ಕೇ ನಿಂತಿತು. ಆದರೂ ಕ್ಯಾನಿನ ಕಡೆ ಕೈ ಚಾಚಿದಳು. "ಹಸು ಕರೆಯೋ ಹೊತ್ತಾಯ್ತಕ್ಕ."

"ನಿನ್ನ ಗಂಡನಿಗೆ ಕೈ ಇಲ್ವಾ?"

"ಅವರನ್ನ ಕಂಡರೆ ಅದು ಒದೆಯುತ್ತೆ."

"ಬುದ್ಧಿ ಇರೋ ಹಸು. ನಡಿ."

"ಬಿಡಕ್ಕ, ದೇವರು ಇಟ್ಟ ಹಾಗಾಗುತ್ತೆ."

"ಆ ನರ್ಸಮ್ಮನ್ನ ನಮ್ಮ ಬೀದಿ ಕೊನೇಲಿ ಇಟ್ಟಿರೋನೂ ಅವನೇ ಅಲ್ವೇನೇ? ಅವನಿಟ್ಟ ಕಡೆಗೆ ಹೋಗೋಕೆ ನಿನಗೇನು ಧಾಡಿ?" ಎನ್ನುತ್ತ ಟೈಲರಕ್ಕ ಕ್ಯಾನನ್ನು ತಾನೇ ಎತ್ತಿಕೊಂಡು ಬೀದಿಗಿಳಿದಳು. ಕ್ಯಾನು ಹೋದ ಮೇಲೆ ಹಾಲಿನವಳು ಹಿಂದೆ ಬರಲೇಬೇಕಾಯಿತು. ಬೀದಿ ಚಪ್ಪಟೆಯಾಗಿದ್ದರೂ ಅವಳು ನಡುವೆ ಒಮ್ಮೆ ನಿಂತು, ಚಪ್ಪಲಿ ಸರಿ ಮಾಡಿಕೊಳ್ಳುವವಳಂತೆ ಬಗ್ಗಿದಳು. ಟೈಲರಕ್ಕ ಅವಳ ತೋಳು ಹಿಡಿದುಕೊಂಡು, ಅವಳ ಉಸಿರು ಹದಕ್ಕೆ ಬರುವವರೆಗೂ ಕಾದಳು.

ಆರೋಗ್ಯ ಕೇಂದ್ರದ ಜಗುಲಿಯಲ್ಲಿ ನರ್ಸಮ್ಮ ಬಿಪಿ ನೋಡುವ ಪಟ್ಟಿ ಹಿಡಿದು, "ಅಂಗಿ ತೋಳು ಮೇಲೆ ಸರಿಸಿ," ಎಂದಳು. ಹಾಲಿನವಳು ಸರಿಸಲು ನೋಡಿದಳು. ತೋಳು ಮೊಣಕೈಯಿಂದ ಮೇಲೆ ಒಂದಿಷ್ಟೂ ಏರಲಿಲ್ಲ. ಕರೆಯುವಾಗ ಹಾಲಿನಲ್ಲಿ ನೆನೆಯಬಾರದೆಂದು ಮೈಗಂಟಿದ ಹಾಗೆ ಹೊಲಿಸಿಕೊಂಡಿದ್ದ ತೋಳು ಅದು. ಅವಳ ಮುಖಕ್ಕೆ ಗೆಲುವು ಬಂತು.

"ನೋಡಿ, ಏರೋದೇ ಇಲ್ಲ. ನಾಳೆ ಬೇರೆ ಅಂಗಿ ಹಾಕ್ಕೊಂಡು ಬರ್ತೀನಿ."

ನರ್ಸಮ್ಮ ನಿಟ್ಟುಸಿರು ಬಿಟ್ಟಳು. "ಹೋದ ಸಲ ಮನೆ ಬಾಗಿಲಿಗೆ ಬಂದಾಗಲೂ ಇದೇ ಮಾತು ಹೇಳಿದ್ರಿ. ನೀವೊಬ್ಬರೇ ಅಲ್ಲ, ಈ ಊರಲ್ಲಿ ಅರ್ಧ ಹೆಂಗಸರು ತೋಳು ಏರಲ್ಲ ಅಂತಲೇ ನನ್ನನ್ನ ವಾಪಸ್ ಕಳಿಸ್ತಾರೆ. ಹೊಲಿಯೋರು ಅದ್ಯಾರೋ!"

ಟೈಲರಕ್ಕ ತಲೆ ತಗ್ಗಿಸಿದಳು. ಮರುಕ್ಷಣ ಅವಳ ಕೈ ಸೊಂಟದಲ್ಲಿದ್ದ ಸಣ್ಣ ಕತ್ತರಿಗೆ ಹೋಯಿತು. "ಅಕ್ಕಾ! ಹೊಸ ಅಂಗಿ!" ಎಂದು ಹಾಲಿನವಳು ಕೂಗುವಷ್ಟರಲ್ಲಿ, ಟೈಲರಕ್ಕ ತಾನೇ ಹಾಕಿದ್ದ ತೋಳಿನ ಹೊಲಿಗೆಯನ್ನು ಮೊಣಕೈಯಿಂದ ಭುಜದವರೆಗೆ ಸರ್ರನೆ ಬಿಚ್ಚಿಬಿಟ್ಟಿದ್ದಳು.

ನರ್ಸಮ್ಮ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮೀಟರಿನ ಮುಳ್ಳನ್ನೇ ನೋಡಿದಳು. ಮತ್ತೊಮ್ಮೆ ತುಂಬಿದಳು. ಕೊನೆಗೆ, "ಗಾಬರಿ ಬೇಡಮ್ಮ, ಕೈ ಮೀರಿಲ್ಲ. ಆದರೆ ನಾಳೆ ಅನ್ನೋ ಮಾತೂ ಬೇಡ. ಗಾಡಿಗೆ ಹೇಳ್ತೀನಿ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಎದೆ ಪರೀಕ್ಷೆ ಮಾಡಿಸಬೇಕು. ನಾನೂ ಜೊತೇಲಿ ಬರ್ತೀನಿ," ಎಂದಳು.

ಹಾಲಿನವಳು ಕ್ಯಾನಿನ ಕಡೆ ನೋಡಿದಳು. "ಹಸು..." ಎಂದಳು ಅಷ್ಟೆ.

"ನಾನು ಕರೀತೀನಿ."

"ನಿನ್ನೂ ಒದೆಯುತ್ತಕ್ಕ."

"ಒದೀಲಿ. ನೀನು ಬಂದು ಅದನ್ನ ಬೈಯುವೆಯಂತೆ."

ದೊಡ್ಡಾಸ್ಪತ್ರೆಯಿಂದ ವಾಪಸಾದ ಹಾಲಿನವಳು ಈಗ ದಿನವೂ ಮಾತ್ರೆ ನುಂಗಿ, ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡುತ್ತಾಳೆ. ಕ್ಯಾನು ಗಂಡನ ತಲೆಯ ಮೇಲಿರುತ್ತದೆ. ಇನ್ನು ಆ ಊರಿನಲ್ಲಿ ಹೊಸದಾಗಿ ಹೊಲಿಸಿದ ಅಂಗಿಗಳ ತೋಳೆಲ್ಲ ಎರಡು ಬೆರಳು ಸಡಿಲ. ಚೆನ್ನಾಗಿ ಕಾಣಲ್ಲ ಎಂದು ಯಾರಾದರೂ ಮೂಗು ಮುರಿದರೆ ಟೈಲರಕ್ಕ ಮಿಷನ್ನಿನಿಂದ ತಲೆ ಎತ್ತುವುದಿಲ್ಲ.

"ಈಗ ಇದೇ ಫ್ಯಾಷನ್ನು ಕಣಮ್ಮ. ಬೇಕಾದರೆ ನರ್ಸಮ್ಮನ ಹತ್ರ ಹೋಗಿ ತೋರಿಸ್ಕೊಂಡು ಬಾ."